ಕಾಮಗೆರೆ ದಾಟಿದ ಮೇಲಿನ ಒಂದು ಮೈಲಿ

1966ರ ಏಪ್ರಿಲ್ ಮೊದಲ ವಾರ ನನ್ನ ಸ್ಕೂಟರು ಕಾಮಗೆರೆ ದಾಟಿದ ಮೇಲಿನ ಒಂದು ಮೈಲಿಯನ್ನು ಎರಡು ನಿಮಿಷ ಐವತ್ತೈದು ಸೆಕೆಂಡಿನಲ್ಲಿ ಮುಗಿಸಿತು. ಫೆಬ್ರವರಿಯಲ್ಲಿ ಅದೇ ಎರಡು ಕಲ್ಲುಗಳ ನಡುವಿನ ದೂರಕ್ಕೆ ಒಂದು ನಿಮಿಷ ನಲವತ್ತು ಸೆಕೆಂಡು ಸಾಕಾಗಿತ್ತು. ರಸ್ತೆ ಅದೇ, ಸವಾರ ಅವನೇ, ಪೆಟ್ರೋಲು ಅದೇ ಬಂಕಿನದು.

ಸ್ಕೂಟರು ಹಳೆಯದು. ವರ್ಗವಾಗಿ ಹೋದ ಅಧಿಕಾರಿಯೊಬ್ಬರಿಂದ ಕೊಂಡದ್ದು. ಸಣ್ಣ ಎಂಜಿನ್, ಎಡಗೈಯಲ್ಲಿ ತಿರುಗಿಸುವ ಮೂರು ಗೇರು. ವೇಗ ತೋರಿಸುವ ಮುಳ್ಳು ನನ್ನ ಕೈಗೆ ಬರುವಾಗಲೇ ಸೊನ್ನೆಯ ಮೇಲೆ ಮಲಗಿತ್ತು. ಹಾಗಾಗಿ ವೇಗ ತಿಳಿಯಲು ಮೈಲಿಗಲ್ಲು ಮತ್ತು ಕೈಗಡಿಯಾರ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ನೋಡಿದ ಲೆಕ್ಕವನ್ನು ಅಂದಂದೇ ಪುಸ್ತಕದಲ್ಲಿ ಬರೆದಿಡುತ್ತಿದ್ದೆ.

ನಾನು ಮೈಸೂರಿನ ಒಂದು ದಿನಪತ್ರಿಕೆಗೆ ಕೊಳ್ಳೇಗಾಲದ ವರದಿಗಾರನಾಗಿದ್ದೆ. 1956ರಲ್ಲಿ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಮೈಸೂರಿನ ಪತ್ರಿಕೆಗಳು ನಮ್ಮ ಕಡೆಯ ಸುದ್ದಿಗೆ ಜಾಗ ಕೊಡತೊಡಗಿದ್ದವು. ಸುದ್ದಿ ಹೋಗುತ್ತಿದ್ದುದು ಬಸ್ಸಿನಲ್ಲಿ. ಕೊಳ್ಳೇಗಾಲದಿಂದ ಸಂಜೆ ಐದು ಇಪ್ಪತ್ತಕ್ಕೆ ಮೈಸೂರಿಗೆ ಹೊರಡುವ ಬಸ್ಸಿನ ಕಂಡಕ್ಟರ್ ಕೈಗೆ ಲಕೋಟೆ ಕೊಟ್ಟರೆ, ಮೈಸೂರಿನ ಬಸ್ ನಿಲ್ದಾಣದಲ್ಲಿ ಕಚೇರಿಯ ಜವಾನ ಅದನ್ನು ಇಸಿದುಕೊಳ್ಳುತ್ತಿದ್ದ. ಬೆಳಿಗ್ಗೆ ಸುದ್ದಿ ಅಚ್ಚಾಗಿರುತ್ತಿತ್ತು. ಆ ಬಸ್ಸು ತಪ್ಪಿದರೆ ಅಂಚೆ, ಅಂದರೆ ಒಂದು ದಿನ ತಡ. ಟ್ರಂಕ್ ಕಾಲ್ ಮಾಡಲು ಸಾವು ಮತ್ತು ಪ್ರವಾಹದ ಸುದ್ದಿಗೆ ಮಾತ್ರ ಅನುಮತಿ.

ಸುದ್ದಿಯ ಹೆಚ್ಚಿನ ಭಾಗ ಬರುತ್ತಿದ್ದುದು ಹನೂರಿನಿಂದ. ಕಾಡಂಚಿನ ಊರುಗಳು, ಆನೆ ನುಗ್ಗಿದ ಹೊಲಗಳು, ಬತ್ತಿದ ಬಾವಿಗಳು, ಅವುಗಳ ಬಗ್ಗೆ ನಡೆಯುವ ಸಭೆಗಳು. ಹನೂರು ಹದಿನಾರು ಮೈಲಿ. ಸಭೆ ಮುಗಿಸಿ ಅಲ್ಲಿಂದ ಬಸ್ಸು ಹಿಡಿದರೆ ಕೊಳ್ಳೇಗಾಲ ತಲುಪುವಾಗ ಮೈಸೂರಿನ ಬಸ್ಸು ಹೊರಟು ಹೋಗಿರುತ್ತಿತ್ತು. ಸ್ಕೂಟರು ಕೊಂಡದ್ದು ಆ ಕಾರಣಕ್ಕೆ. ಫೆಬ್ರವರಿಯಲ್ಲಿ ಅದು ನನ್ನನ್ನು ಅರ್ಧ ಗಂಟೆಯಲ್ಲಿ ಊರಿಗೆ ಮುಟ್ಟಿಸುತ್ತಿತ್ತು. ಏಪ್ರಿಲ್ ಹೊತ್ತಿಗೆ ಮುಕ್ಕಾಲು ಗಂಟೆಯ ಮೇಲೆ ಬೇಕಾಯಿತು. ಮಾರ್ಚ್ ತಿಂಗಳಲ್ಲಿ ಐದು ಲಕೋಟೆಗಳಿಗೆ ಬಸ್ಸು ತಪ್ಪಿತು.

ಏಪ್ರಿಲ್ ಆರಂಭದಲ್ಲಿ ಕಚೇರಿಯಿಂದ ನಾಲ್ಕು ಸಾಲಿನ ಪತ್ರ ಬಂತು. ಹನೂರಿನ ಸುದ್ದಿ ನಮಗಿಂತ ಮೊದಲು ಬೇರೆ ಪತ್ರಿಕೆಗಳಲ್ಲಿ ಬರುತ್ತಿದೆ, ಈ ತಿಂಗಳ ಕೊನೆಯೊಳಗೆ ಸರಿಹೋಗದಿದ್ದರೆ ತಾಲ್ಲೂಕಿಗೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದಿತ್ತು. ಬರೆದವರು ಹೆದರಿಸಲು ಬರೆಯುವವರಲ್ಲ. ಮಾಡುವುದನ್ನು ಮೊದಲೇ ತಿಳಿಸುವವರು. ನನಗೆ ಬೇರೆ ಕೆಲಸ ಇರಲಿಲ್ಲ, ಬೇರೆ ಕೆಲಸ ಬೇಕೂ ಇರಲಿಲ್ಲ.

ಸ್ಕೂಟರಿನ ನಡತೆ ವಿಚಿತ್ರವಾಗಿತ್ತು. ಒಂದೇ ಒದೆತಕ್ಕೆ ಸ್ಟಾರ್ಟ್ ಆಗುತ್ತಿತ್ತು. ನಿಂತಲ್ಲಿ ಸರಿಯಾಗಿ ಓಡುತ್ತಿತ್ತು. ಮೊದಲನೇ ಗೇರು, ಎರಡನೇ ಗೇರು ದೂರಿಲ್ಲದೆ ಎಳೆಯುತ್ತಿದ್ದವು. ಮೂರನೆಯದಕ್ಕೆ ಹಾಕಿ ಬಲಗೈಯ ಆಕ್ಸಿಲರೇಟರ್ ಪೂರಾ ತಿರುಗಿಸಿದರೆ ಮಾತ್ರ, ಏರು ಹತ್ತುತ್ತಿರುವ ಎತ್ತಿನಂತೆ ದೊಡ್ಡ ಉಸಿರು ಬಿಡುತ್ತಿತ್ತು, ವೇಗ ಅಲ್ಲೇ ನಿಲ್ಲುತ್ತಿತ್ತು. ಇನ್ನಷ್ಟು ತಿರುಗಿಸಿದರೆ ಇನ್ನಷ್ಟು ನಿಧಾನ. ಒಮ್ಮೆ ಯಳಂದೂರಿನಿಂದ ಬರುವಾಗ ಇಳಿಜಾರಿನಲ್ಲಿ ಹಿಂದಿನಿಂದ ಸೈಕಲ್ ಗಂಟೆ ಕೇಳಿಸಿತು. ಹಾಲಿನ ಕ್ಯಾನು ಕಟ್ಟಿಕೊಂಡ ಒಬ್ಬರು. ಪಕ್ಕಕ್ಕೆ ಬಂದು ನನ್ನನ್ನೂ ಸ್ಕೂಟರನ್ನೂ ನೋಡಿದರು.

“ವಸಿ ದಾರಿ ಬುಡಿ ಸಾ, ಆಲು ಒಡ್ದೋಯ್ತದೆ” ಎಂದರು. ನಾನು ದಾರಿ ಬಿಟ್ಟೆ.

ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದೆ ಮೆಕ್ಯಾನಿಕ್ ಒಬ್ಬರಿದ್ದರು. ಮಗ್ಗದ ಮನೆಯಲ್ಲಿ ಹುಟ್ಟಿ, ಮಗ್ಗ ಬಿಟ್ಟು ಮೋಟಾರಿಗೆ ಬಂದವರು. ಕೈ ಚುರುಕು, ಕೆಲಸ ಅಚ್ಚುಕಟ್ಟು. ಅವರು ಮೊದಲು ಪ್ಲಗ್ ಬಿಚ್ಚಿದರು. ಮಸಿ ಹಿಡಿದಿತ್ತು. ಹೊಸದು ಹಾಕಿದರು. ಒಂದು ದಿನ ಸರಿಯಿತ್ತು, ಎರಡನೇ ದಿನಕ್ಕೆ ಹೊಸದೂ ಕಪ್ಪಾಯಿತು. ಬಂಕಿನಲ್ಲಿ ಪೆಟ್ರೋಲಿಗೆ ಆಯಿಲ್ ಹೆಚ್ಚು ಬೆರೆಸುತ್ತಿದ್ದಾರೆ ಎಂದು ಅವರ ಅನುಮಾನ. ಆಯಿಲ್ ಅಳೆಯುವ ಡಬ್ಬಿಯನ್ನು ನಾನೇ ನಿಂತು ನೋಡಿದೆ. ಅಳತೆ ಸರಿಯಿತ್ತು. ಆಮೇಲೆ ಸೈಲೆನ್ಸರ್ ಬಿಚ್ಚಿ ಬೆಂಕಿಯಲ್ಲಿ ಸುಟ್ಟು, ಕೊಡವಿ, ಒಂದು ಬೊಗಸೆ ಕರಿ ಹೊರಗೆ ತೆಗೆದರು. ಮೈಲಿಗೆ ಹತ್ತು ಸೆಕೆಂಡು ಕಡಿಮೆಯಾಯಿತು. ಹಿಂಬದಿಯ ಬ್ರೇಕು ಹಿಡಿದುಕೊಂಡಿದೆಯೇ ಎಂದು ಸ್ಕೂಟರನ್ನು ಸ್ಟ್ಯಾಂಡಿಗೆ ಹಾಕಿ ಚಕ್ರ ತಿರುಗಿಸಿ ನೋಡಿದರು. ಕ್ಲಚ್ಚಿನ ತಂತಿ ಬಿಗಿ ಮಾಡಿದರು. ಟೈರಿಗೆ ಗಾಳಿ ತುಂಬಿಸಿದರು. ಕಾರ್ಬೊರೇಟರ್ ಬಿಚ್ಚಿ, ಪೆಟ್ರೋಲ್ ಹಾಯುವ ಸಣ್ಣ ರಂಧ್ರಗಳನ್ನು ಬಾಯಲ್ಲಿ ಊದಿ ತೊಳೆದು ಮತ್ತೆ ಜೋಡಿಸಿದರು. ಒಂದೊಂದು ಕೆಲಸದ ಮುಂದೆಯೂ ನಾನು ತಾರೀಖು ಮತ್ತು ಕಾಮಗೆರೆಯ ಮೈಲಿಯ ಸಮಯ ಬರೆದೆ. ಒಂದು ಪುಟ ತುಂಬಿತು. ಸಮಯ ಮೂರು ನಿಮಿಷದ ಹತ್ತಿರಕ್ಕೆ ಹೋಗಿ ನಿಂತಿತು.

ಆ ಪುಟದಲ್ಲಿ ಇಲ್ಲದ್ದು ಒಂದಿತ್ತು. ಫೆಬ್ರವರಿ ಕೊನೆಯಲ್ಲಿ ಒಂದು ಸಂಜೆ ನಾನು ಹನೂರಿನಿಂದ ಬಂದಾಗ ಬಿಳಿ ಅಂಗಿ ಧೂಳಿಗೆ ಕೆಂಪಾಗಿತ್ತು. ನಾನು ಬಾಡಿಗೆಗಿದ್ದ ಮನೆಯ ಯಜಮಾನರು ಮಗ್ಗದಿಂದ ಎದ್ದು ಬಂದು ನನ್ನನ್ನೂ ಸ್ಕೂಟರನ್ನೂ ನೋಡಿದರು. ಐವತ್ತು ದಾಟಿದವರು, ನಲವತ್ತು ವರ್ಷ ರೇಷ್ಮೆ ನೇಯ್ದವರು. ಇಷ್ಟು ಧೂಳು ನಿಮ್ಮ ಮೂಗಿಗೆ ಹೋದರೆ ಸೀನು ಬರುತ್ತದೆ, ಎಂಜಿನ್ನಿಗೆ ಹೋದರೆ ಅದಕ್ಕೆ ಸೀನಲೂ ಬರುವುದಿಲ್ಲ ಎಂದು ಕನಿಕರಪಟ್ಟರು. ಅವರ ಮನೆಯಲ್ಲಿ ಸೀಗೆಪುಡಿಯನ್ನೂ ಕೆಮ್ಮಿನ ಪುಡಿಯನ್ನೂ ಜರಡಿ ಹಿಡಿಯುತ್ತಿದ್ದುದು ರೇಷ್ಮೆ ಬಟ್ಟೆಯಲ್ಲಿ. ಹಾಗೆ ಸೋಸಿದ ಪುಡಿ ಬೆರಳಿಗೆ ಸಿಕ್ಕದಷ್ಟು ನಯವಾಗಿರುತ್ತಿತ್ತು. ಮರುದಿನ ನಾನು ಸ್ನಾನಕ್ಕೆ ಹೋಗಿದ್ದಾಗ ಅವರು ಸ್ಕೂಟರಿನ ಬಲಗಡೆಯ ಮುಚ್ಚಳ ತೆಗೆದು, ಎಂಜಿನ್ನಿಗೆ ಗಾಳಿ ಹೋಗುವ ಜಾಲರಿಯ ಮೇಲೆ ಮಗ್ಗದಿಂದ ಕತ್ತರಿಸಿದ ರೇಷ್ಮೆಯ ತುಂಡೊಂದನ್ನು ಎಳೆದು ಕಟ್ಟಿದ್ದರು. ಕಟ್ಟು ಎಷ್ಟು ಚೊಕ್ಕವಾಗಿತ್ತೆಂದರೆ ಕಾರ್ಖಾನೆಯಿಂದಲೇ ಬಂದ ಹಾಗೆ ಕಾಣುತ್ತಿತ್ತು.

ನಾನು ಕೃತಜ್ಞತೆ ಹೇಳಿದೆ. ಅಂದು ಸ್ಕೂಟರು ಎಂದಿನಂತೆಯೇ ಓಡಿತು. ಅದು ರಿಪೇರಿಯಲ್ಲ, ಉಪಕಾರ ಎಂದುಕೊಂಡು ಅದನ್ನು ಪುಸ್ತಕದಲ್ಲಿ ಬರೆಯಲಿಲ್ಲ.

ಬಸ್ ನಿಲ್ದಾಣದ ಮೆಕ್ಯಾನಿಕ್ ಕಾರ್ಬೊರೇಟರ್ ಬಿಚ್ಚಿದ ದಿನ ಆ ರೇಷ್ಮೆಯನ್ನು ನೋಡಿದರು. ಬೆರಳಲ್ಲಿ ಸವರಿದರು. ಯಾರ ಮಗ್ಗದ್ದು ಎಂದು ಕೇಳಿದರು. ಹೇಳಿದೆ. ಒಳ್ಳೆಯ ನೇಯ್ಗೆ, ಇದಿದ್ದರೆ ಒಂದು ಕಣ ಧೂಳೂ ಒಳಗೆ ಹೋಗದು ಎಂದು ತಲೆದೂಗಿದರು. ಬಟ್ಟೆ ಎಣ್ಣೆ ಹಿಡಿದು ಮಣ್ಣುಬಣ್ಣಕ್ಕೆ ತಿರುಗಿತ್ತು. ಅದನ್ನು ಅವರು ಬಿಸಾಡಲಿಲ್ಲ. ತಮ್ಮ ಪೆಟ್ಟಿಗೆಯಿಂದ ಇನ್ನೊಂದು ಹೊಸ ತುಂಡು ತೆಗೆದು ಅದರ ಮೇಲೆಯೇ ಎರಡನೇ ಪದರವಾಗಿ ಕಟ್ಟಿದರು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ನನಗೂ ಅದು ತಪ್ಪೆನ್ನಿಸಲಿಲ್ಲ. ಕೊಳ್ಳೇಗಾಲದಲ್ಲಿ ಮದುವೆಗೆ, ಮಡಿಗೆ, ಗಾಯಕ್ಕೆ, ಪುಡಿಗೆ ಎಲ್ಲಕ್ಕೂ ರೇಷ್ಮೆಯೇ ಮೇಲು. ಅದು ಯಾವುದನ್ನಾದರೂ ಕೆಡಿಸೀತು ಎಂಬ ಯೋಚನೆ ಆ ಊರಿನಲ್ಲಿ ಯಾರ ತಲೆಗೂ ಬರುವುದಲ್ಲ.

ಏಪ್ರಿಲ್ ಕೊನೆಯ ವಾರ ಬಂತು. ಹನೂರಿನಲ್ಲಿ ಕುಡಿಯುವ ನೀರಿನ ಬಾವಿಗಳ ಬಗ್ಗೆ ಸಭೆ, ಮಧ್ಯಾಹ್ನ ಎರಡೂವರೆಗೆ. ಯಾವ ಊರಿಗೆ ಬಾವಿ, ಯಾವ ಊರಿಗೆ ಇಲ್ಲ ಎಂಬುದು ಅಂದು ತೀರ್ಮಾನವಾಗುವುದಿತ್ತು. ಮರುದಿನದ ಪತ್ರಿಕೆಯಲ್ಲಿ ಬರದಿದ್ದರೆ ಆ ಸುದ್ದಿಗೆ ಬೆಲೆಯಿಲ್ಲ. ತಿಂಗಳು ಮುಗಿಯಲು ಮೂರು ದಿನ ಉಳಿದಿತ್ತು. ಇದು ನನ್ನ ಕೊನೆಯ ಲಕೋಟೆಯಾಗಬಹುದು ಎಂದು ತಿಳಿದೇ ಹೊರಟೆ.

ಹನೂರಿನ ಬೀದಿಗೆ ಬಂದಾಗ ಪಂಪ್‌ಸೆಟ್ ಸಾಮಾನಿನ ಅಂಗಡಿಯ ಜಗಲಿಯಲ್ಲಿ ಒಬ್ಬರು ಕುಳಿತಿದ್ದರು. ಕೌದಳ್ಳಿಯವರು. ತೋಟಗಳಿಗೆ ನೀರೆತ್ತುವ ಆಯಿಲ್ ಎಂಜಿನ್ನುಗಳನ್ನು ರಿಪೇರಿ ಮಾಡುವವರು. ಅಂದು ಯಾವುದೋ ಬಿಡಿಭಾಗಕ್ಕೆ ಬಂದಿದ್ದರು. ನಾನು ನಿಲ್ಲಿಸುವ ಮೊದಲೇ ಅವರು ಎದ್ದು ನಿಂತರು.

“ಸಾ, ನಿಮ್ ಗಾಡಿ ಗೊರ್ಕೆ ಒಡೀತಾ ಅದೆ” ಎಂದರು.

ಎರಡು ತಿಂಗಳಿಂದ ಹೀಗೆ ಎಂದು ಹೇಳಿ ನನ್ನ ಪುಸ್ತಕದ ಪುಟವನ್ನು ಓದಿದೆ. ಪ್ಲಗ್ಗು, ಆಯಿಲ್, ಸೈಲೆನ್ಸರ್, ಬ್ರೇಕು, ಕ್ಲಚ್ಚು, ಟೈರು, ಕಾರ್ಬೊರೇಟರ್. ಅವರು ಬೀಡಿ ಸೇದುತ್ತಾ ಪೂರಾ ಕೇಳಿಸಿಕೊಂಡರು.

“ಇವೆಲ್ಲಾ ಕೆಟ್ ಮ್ಯಾಕೆ ಮಾಡ್ಸಿದ್ದು. ಕೆಡಾಕ್ ಮುಂಚೆ ಏನ್ ಮಾಡ್ಸುದ್ರಿ?”

ಏನೂ ಇಲ್ಲ ಎಂದೆ. ನಂಬಿಯೇ ಹೇಳಿದೆ.

ಸಭೆಗೆ ಹೊತ್ತಾಗಿತ್ತು. ಸ್ಕೂಟರನ್ನು ಇಲ್ಲೇ ಬಿಟ್ಟು ಹೋಗಿ, ಬರುವುದರೊಳಗೆ ನೋಡಿರುತ್ತೇನೆ ಎಂದರು. ಬಿಟ್ಟು ಹೋದೆ. ಅಧಿಕಾರಿಗಳು ಮುಕ್ಕಾಲು ಗಂಟೆ ತಡವಾಗಿ ಬಂದರು. ಬಾವಿ ಸಿಗದ ಊರಿನವರು ಬಾವಿ ಸಿಕ್ಕ ಊರಿನವರ ಮೇಲೆ ಮಾತು ಬೆಳೆಸಿದರು. ನಾನು ಮೂಲೆಯಲ್ಲಿ ಕುಳಿತು, ಮಾತು ನಡೆಯುತ್ತಿರುವಾಗಲೇ ವರದಿ ಬರೆಯುತ್ತಾ ಹೋದೆ. ಮೊದಲ ಸಾಲಿನಲ್ಲಿ ಬಾವಿಗಳ ಸಂಖ್ಯೆಗೆ ಜಾಗ ಖಾಲಿ ಬಿಟ್ಟಿದ್ದೆ. ನಾಲ್ಕೂವರೆ ದಾಟಿದ ಮೇಲೆ ಸಂಖ್ಯೆ ಸಿಕ್ಕಿತು. ಅದನ್ನು ತುಂಬಿ ಲಕೋಟೆ ಅಂಟಿಸಿ ಹೊರಗೆ ಬಂದಾಗ ನಾಲ್ಕು ನಲವತ್ತು.

ಅಂಗಡಿಯ ಮುಂದೆ ಸ್ಕೂಟರಿನ ಬಲಗಡೆಯ ಮುಚ್ಚಳ ನೆಲದ ಮೇಲಿತ್ತು. ಕೌದಳ್ಳಿಯವರ ಎಡಗೈಯಲ್ಲಿ ಪ್ಲಗ್ಗು, ಬಲಗೈಯಲ್ಲಿ ಕಪ್ಪು ಬಣ್ಣದ, ಎರಡು ಪದರ ಅಂಟಿಕೊಂಡು ತೊಗಲಿನಂತೆ ದಪ್ಪನಾದ ಒಂದು ಚಿಂದಿ. ಸುತ್ತ ಐದಾರು ಜನ ನಿಂತಿದ್ದರು. ಎಲ್ಲರ ಮುಖದಲ್ಲೂ ನಗು ತಡೆದ ಗುರುತಿತ್ತು.

“ಇದ್ಯಾರ್ ಸಾ, ಎಂಜಿನ್ಗೆ ರೇಸ್ಮೆ ಪಂಚೆ ಉಡ್ಸಿರೋರು?”

ನಾನು ಉತ್ತರ ಹೇಳುವುದಕ್ಕೆ ಮೊದಲೇ ಗುಂಪಿನಲ್ಲಿ ಒಬ್ಬರು, ಕೊಳ್ಳೇಗಾಲದ ಗಾಡಿ ಅಲ್ವಾ, ಮದ್ವೆ ಗೊತ್ತಾಗಿರ್ಬೇಕು ಎಂದರು. ತಡೆದಿದ್ದ ನಗು ಹೊರಗೆ ಬಂತು.

ಕೌದಳ್ಳಿಯವರು ನಗಲಿಲ್ಲ. ಆ ಬಟ್ಟೆಯನ್ನು ಬಾಯಿಗೆ ಅಡ್ಡ ಹಿಡಿದು ಊದಿ ತೋರಿಸಿದರು. ಆಚೆ ಹಿಡಿದ ನನ್ನ ಅಂಗೈಗೆ ಗಾಳಿ ತಗಲಲಿಲ್ಲ. ನಂತರ ವಿವರಿಸಿದರು. ಕಾರ್ಬೊರೇಟರ್ ಒಳಗಿಂದ ಎಣ್ಣೆಯ ಹನಿ ಹಿಂದಕ್ಕೆ ಚಿಮ್ಮುತ್ತದೆ, ಹೊರಗಿಂದ ಧೂಳು ಬರುತ್ತದೆ, ನಡುವೆ ಇರುವ ರೇಷ್ಮೆ ಎರಡನ್ನೂ ಹಿಡಿದು ದಿನದಿಂದ ದಿನಕ್ಕೆ ಮುಚ್ಚಿಕೊಳ್ಳುತ್ತದೆ. ನಿಂತಲ್ಲಿ ಓಡುವುದಕ್ಕೆ ಎಂಜಿನ್ನಿಗೆ ಸ್ವಲ್ಪ ಗಾಳಿ ಸಾಕು. ಪೂರಾ ತಿರುಗಿಸಿದಾಗ ಪೆಟ್ರೋಲು ಪೂರಾ ಬರುತ್ತದೆ, ಗಾಳಿ ಬರುವುದಿಲ್ಲ. ಉರಿಯದೆ ಉಳಿದದ್ದು ಪ್ಲಗ್ಗಿನ ಮೇಲೆ ಮಸಿಯಾಗಿ ಕೂರುತ್ತದೆ.

“ಪಂಪ್‌ಸೆಟ್ಗೆ ಗೋಣಿ ಸುತ್ತೋರ್ನ ಕಂಡಿವ್ನಿ ಸಾ. ರೇಸ್ಮೆ ಸುತ್ತೋರ್ನ ಇವತ್ತೇ ಕಂಡದ್ದು. ಓಗಿ, ಇನ್ ತಡೆಯಾಕಿಲ್ಲ ಅದು.”

ಒಳಗಿದ್ದ ಲೋಹದ ಜಾಲರಿಯನ್ನು ಪೆಟ್ರೋಲಿನಲ್ಲಿ ತೊಳೆದು ಆಗಲೇ ಕೂರಿಸಿದ್ದರು. ಪ್ಲಗ್ ಉಜ್ಜಿ ಹಾಕಿ, ಮುಚ್ಚಳ ಬಿಗಿದು, ಚಿಂದಿಯನ್ನು ಕಾಗದದಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದರು. ಕಟ್ಟಿದವರಿಗೆ ತೋರಿಸಿ ಎಂದರು. ಹೊರಟಾಗ ನಾಲ್ಕು ನಲವತ್ತನಾಲ್ಕು.

ಊರು ದಾಟಿ ಮೂರನೇ ಗೇರಿಗೆ ಹಾಕಿದೆ. ಅಭ್ಯಾಸದಿಂದ ಬಲಗೈಯನ್ನು ಅರ್ಧಕ್ಕೇ ನಿಲ್ಲಿಸಿದ್ದೆ. ಸ್ವಲ್ಪ ತಿರುಗಿಸಿದೆ, ಏರಿತು. ಇನ್ನೂ ತಿರುಗಿಸಿದೆ, ಇನ್ನೂ ಏರಿತು. ಪೂರಾ ತಿರುಗಿಸಿದಾಗ ಸದ್ದು ಒಡೆಯದೆ ಒಂದೇ ಎಳೆಯಾಗಿ ನಿಂತಿತು. ಎರಡು ತಿಂಗಳು ಕಿವಿಯಲ್ಲಿದ್ದ ಗೊರಕೆ ಎಲ್ಲಿಯೂ ಇರಲಿಲ್ಲ. ಹುಣಸೆ ಮರಗಳು ಹಿಂದಕ್ಕೆ ಸರಿಯುವ ರೀತಿಯೇ ಬೇರೆಯಾಯಿತು. ಮಧ್ಯಾಹ್ನ ಹನೂರಿಗೆ ಹೋಗುವಾಗ ನನ್ನನ್ನು ದಾಟಿ ಮುಂದೆ ಹೋಗಿದ್ದ ಜಲ್ಲಿ ಲಾರಿ ಈಗ ಖಾಲಿಯಾಗಿ ವಾಪಸಾಗುತ್ತಿತ್ತು. ಅದನ್ನು ಹಿಂದೆ ಹಾಕಿದೆ. ಲಾರಿಯ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದ.

ಕಾಮಗೆರೆಯ ಆ ಮೈಲಿಯ ಮೊದಲ ಕಲ್ಲಿನ ಬಳಿ ಗಡಿಯಾರ ನೋಡಿದೆ, ಮುಂದಿನ ಕಲ್ಲಿನ ಬಳಿ ಮತ್ತೆ ನೋಡಿದೆ. ಒಂದು ನಿಮಿಷ ನಲವತ್ತೊಂದು ಸೆಕೆಂಡು. ಒಂದು ಕಡೆ ಕುರಿಮಂದೆ ರಸ್ತೆ ದಾಟುತ್ತಿತ್ತು. ಅಲ್ಲಿ ಒಂದು ನಿಮಿಷಕ್ಕೂ ಹೆಚ್ಚು ನಿಲ್ಲಬೇಕಾಯಿತು. ಹಿಂದಿನ ವಾರವಾಗಿದ್ದರೆ ಆ ನಿಮಿಷ ಎಲ್ಲವನ್ನೂ ಮುಗಿಸುತ್ತಿತ್ತು. ಅಂದು ಕುರಿಗಳನ್ನು ಎಣಿಸಿಕೊಂಡು ನಿಂತಿದ್ದೆ.

ಬಸ್ ನಿಲ್ದಾಣಕ್ಕೆ ಬಂದಾಗ ಐದು ಹದಿನಾಲ್ಕು. ಬಸ್ಸಿನಲ್ಲಿ ಡ್ರೈವರ್ ಇರಲಿಲ್ಲ. ಕಂಡಕ್ಟರ್ ಹೋಟೆಲಿನ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ. ಮಾರ್ಚ್‌ನಿಂದ ನನ್ನನ್ನು ಬಸ್ಸಿನ ಹಿಂದೆ ಓಡುವವನಾಗಿಯೇ ನೋಡಿದ್ದವನು.

“ಏನ್ ಸಾ, ಇವತ್ತು ಸಬೆ ಆಗ್ನಿಲ್ವಾ?”

ಆಯಿತು ಎಂದು ಲಕೋಟೆ ಕೊಟ್ಟೆ. ಅವನು ಲಕೋಟೆಯನ್ನೂ ಗೋಡೆಯ ಗಡಿಯಾರವನ್ನೂ ನೋಡಿ ಅದನ್ನು ಚರ್ಮದ ಚೀಲಕ್ಕೆ ಸೇರಿಸಿದ. ನಾನು ಒಳಗೆ ಹೋಗಿ ಕುಳಿತು ಕಾಫಿ ತರಿಸಿದೆ. ಬಸ್ಸು ಹೊರಟದ್ದನ್ನು ಅಲ್ಲಿಂದಲೇ ನೋಡಿದೆ. ಬಾವಿಗಳ ಸುದ್ದಿ ಮರುದಿನ ಬೆಳಿಗ್ಗೆ ಮೂರನೇ ಪುಟದ ಮೇಲ್ಭಾಗದಲ್ಲಿ ಎರಡು ಕಾಲಂ ಅಗಲದಲ್ಲಿ ಬಂತು. ಬೇರೆ ಯಾವ ಪತ್ರಿಕೆಯಲ್ಲೂ ಅಂದು ಬರಲಿಲ್ಲ.

ಮನೆಯ ಯಜಮಾನರಿಗೆ ಹೇಳುವ ಕೆಲಸ ಉಳಿದಿತ್ತು. ಸಭೆಯ ದಿನ ಸಂಜೆಯೇ ಕಾಗದ ಬಿಚ್ಚಿ ಚಿಂದಿಯನ್ನು ಅವರ ಮುಂದೆ ಇಟ್ಟೆ. ಅವರಿಗೆ ಗುರುತು ಸಿಗಲಿಲ್ಲ. ಅಂಚನ್ನು ಉಗುರಿನಲ್ಲಿ ಕೆರೆದು ನೋಡಿದಾಗ ಸಿಕ್ಕಿತು. ಅವರ ಮುಖ ಸಣ್ಣದಾಯಿತು. ನಿಮ್ಮ ಕೆಲಸಕ್ಕೇ ಕುತ್ತು ತಂದೆನೇ ಎಂದು ಮೆಲ್ಲಗೆ ಕೇಳಿದರು. ಲಕೋಟೆ ಹೋಯಿತು ಎಂದೆ. ಅವರು ಒಳಗೆ ಹೋಗಿ ಒಂದು ತಂಬಿಗೆ ಬಿಸಿನೀರು, ಸೀಗೆಪುಡಿ ತಂದು ಚಿಂದಿಯನ್ನು ತಾವೇ ತೊಳೆದರು. ಕಪ್ಪು ನೀರು ಅಂಗಳದ ಮೋರಿಗೆ ಹರಿಯಿತು. ಮೂರನೇ ತಂಬಿಗೆ ಸುರಿದ ಮೇಲೆ ಬಟ್ಟೆಯ ಹೊಂಬಣ್ಣ ಒಂದು ಮೂಲೆಯಲ್ಲಿ ಕಾಣಿಸಿತು. ಅದನ್ನು ಬೆಳಕಿಗೆ ಹಿಡಿದು ನೋಡಿದರು. ಒಂದು ಎಳೆಯೂ ಜಾರಿರಲಿಲ್ಲ.

“ನೋಡಿ, ಧೂಳ್ನ ಬುಡ್ಲಿಲ್ಲ. ಗಾಳೀನೂ ಬುಡ್ಲಿಲ್ಲ. ನೇಯ್ಗೆ ಅಂದ್ರೆ ಇದು ಕಣ್ರಿ” ಎಂದರು.

ಆದರೂ ಅವರಿಗೆ ನನ್ನ ಮಾತು ಸಾಲಲಿಲ್ಲ. ಮುಂದಿನ ಭಾನುವಾರ ಹಿಂದಿನ ಸೀಟಿನಲ್ಲಿ ಕುಳಿತು ಕಾಮಗೆರೆಗೆ ಬಂದರು. ಪಂಚೆಯನ್ನು ಎತ್ತಿ ಕಟ್ಟಿ, ನನ್ನ ಗಡಿಯಾರವನ್ನು ಅಂಗೈಯಲ್ಲಿ ಹಿಡಿದು, ಮೊದಲ ಕಲ್ಲಿಗೆ ಒಮ್ಮೆ, ಎರಡನೆಯದಕ್ಕೆ ಒಮ್ಮೆ ನನ್ನ ಬೆನ್ನು ತಟ್ಟಿದರು. ಇಬ್ಬರ ಭಾರಕ್ಕೆ ಒಂದು ನಿಮಿಷ ಐವತ್ತೆರಡು ಸೆಕೆಂಡು. ಅವರು ಅದನ್ನು ಒಪ್ಪಲಿಲ್ಲ. ಗಾಳಿ ಎದುರಿಗಿತ್ತು, ಇನ್ನೊಮ್ಮೆ ಹೋಗೋಣ ಎಂದರು. ಎರಡನೇ ಸಲ ಐವತ್ತು ಬಂತು. ಮನೆಗೆ ಬರುವವರೆಗೂ ದಾರಿಯಲ್ಲಿ ಸಿಕ್ಕ ಪರಿಚಯದವರಿಗೆಲ್ಲ ಕೈ ಎತ್ತಿದರು.

ಸೋಮವಾರ ಬಸ್ ನಿಲ್ದಾಣದ ಹಿಂದಿನ ಮೆಕ್ಯಾನಿಕ್ಕಿಗೆ ವಿಷಯ ತಿಳಿಸಿದೆ. ಅವರು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟರು. ನನ್ನ ಸ್ಕೂಟರಿನಲ್ಲಿ ನೋಡಿ ಮೆಚ್ಚಿ, ಅವರು ಇನ್ನೂ ಎರಡು ಸ್ಕೂಟರಿಗೆ ಮತ್ತು ಒಂದು ಮೋಟಾರ್ ಸೈಕಲ್ಲಿಗೆ ರೇಷ್ಮೆ ಕಟ್ಟಿದ್ದರು. ಮೂವರೂ ಗಾಡಿ ಎಳೆಯುತ್ತಿಲ್ಲ ಎಂದು ಆಗಲೇ ಒಂದೊಂದು ಸಲ ಬಂದು ಹೋಗಿದ್ದರು. ಅಂದು ಮಧ್ಯಾಹ್ನ ಅವರು ಮೂವರ ಮನೆಗೂ ತಾವೇ ನಡೆದು ಹೋಗಿ ಕಟ್ಟು ಬಿಚ್ಚಿದರು. ಕಾರಣ ಕೇಳಿದವರಿಗೆ ಟ್ಯೂನಿಂಗ್ ಎಂದರಂತೆ. ಆ ವಾರದಲ್ಲಿ ಊರಿನ ನಾಲ್ಕು ಗಾಡಿಗಳ ವೇಗ ಹೆಚ್ಚಿತು. ಮೆಕ್ಯಾನಿಕ್ಕಿನ ಹೆಸರೂ ಹೆಚ್ಚಿತು.

ಕೌದಳ್ಳಿಯವರನ್ನು ಮುಂದಿನ ತಿಂಗಳು ಹನೂರಿನಲ್ಲಿ ಕಂಡು, ಯಜಮಾನರು ಕೊಟ್ಟು ಕಳಿಸಿದ ರೇಷ್ಮೆ ಪಂಚೆ ಕೊಟ್ಟೆ. ಇದನ್ನ ಮಾತ್ರ ನಾನೇ ಉಟ್ಕತೀನಿ ಎಂದರು.

ಮೇ ಎರಡನೇ ವಾರ ಕಚೇರಿಯಿಂದ ಪತ್ರ ಬಂತು. ಈ ಸಲ ಎರಡೇ ಸಾಲು. ಹನೂರಿನ ಸುದ್ದಿ ಈಗ ಹೊತ್ತಿಗೆ ಬರುತ್ತಿದೆ, ಸದ್ಯದ ವ್ಯವಸ್ಥೆಯೇ ಮುಂದುವರಿಯಲಿ ಎಂದಿತ್ತು. 1969ರಲ್ಲಿ ಯಳಂದೂರು ತಾಲ್ಲೂಕನ್ನೂ ನನಗೇ ಸೇರಿಸಿದರು.

1978ರವರೆಗೆ ನಾನು ಆ ಕೆಲಸದಲ್ಲಿದ್ದೆ. ಬಾವಿಗಳ ಸಭೆಯ ನಂತರ ಹನೂರಿನಿಂದ ತಂದ ನನ್ನ ಲಕೋಟೆಗೆ ಐದು ಇಪ್ಪತ್ತರ ಬಸ್ಸು ತಪ್ಪಿದ್ದು ಒಂದೇ ಸಲ. ಅಂದು ನಾನು ಹನೂರಿಗೆ ಬಸ್ಸಿನಲ್ಲಿ ಹೋಗಿದ್ದೆ.